ಬಾಗಿಲವರೆಗೆ ಜತೆಯಾಗಿ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಶಾಲೆಯ ಐದನೆಯ ತರಗತಿಯ ಬಾಲಕನೊಬ್ಬನು, ಶಾಲೆ ಬಿಡುವ ಗಂಟೆ ಬಾರಿಸಿದ ಬಳಿಕವೂ ಮನೆಗೆ ಹೊರಡದೆ ಜಗಲಿಯಲ್ಲಿ ಕುಳಿತಿದ್ದನು. ಕಾರಣವನ್ನು ಕೇಳಿದಾಗ, "ಅಪ್ಪ ಮಲಗಿದ ಮೇಲೆ ಹೋಗುತ್ತೇನೆ ಮಾಷ್ಟ್ರೇ" ಎಂದನು. ಆ ಮಾತು ನನ್ನನ್ನು ನಾಚಿಸಿತು. ಏಕೆಂದರೆ ಅವನ ತಂದೆಯನ್ನು ಕರೆಸಿ ಮದ್ಯಪಾನದ ಕೆಡುಕುಗಳ ಕುರಿತು ನಾನು ಎರಡು ಬಾರಿ ಉಪದೇಶಿಸಿದ್ದೆನು. ಎರಡು ಬಾರಿಯೂ ಆತನು ಮಗನ ತಲೆ ಮುಟ್ಟಿ ಆಣೆಯಿಟ್ಟಿದ್ದನು. ಉಪದೇಶಕ್ಕೂ ಆಣೆಗೂ ಬಗ್ಗದ ಈ ಚಟವು ಕೇವಲ ದುರ್ಗುಣವಲ್ಲ, ರೋಗವೆಂಬುದನ್ನು ನಾನು ತಡವಾಗಿ ಅರಿತೆನು.

ಈ ಸತ್ಯವನ್ನೇ ಆಧಾರವಾಗಿಟ್ಟುಕೊಂಡು ಅಮೆರಿಕದ ಆಕ್ರನ್ ನಗರದಲ್ಲಿ 1935ರಲ್ಲಿ ಇಬ್ಬರು ವ್ಯಸನಿಗಳು ಒಬ್ಬರಿಗೊಬ್ಬರು ಆಸರೆಯಾದರು. ಒಬ್ಬರು ಷೇರು ವ್ಯವಹಾರದ ಬಿಲ್ ವಿಲ್ಸನ್, ಇನ್ನೊಬ್ಬರು ವೈದ್ಯರಾದ ಡಾ. ಬಾಬ್ ಸ್ಮಿತ್. ಅಲ್ಲಿ ಮೊಳೆತದ್ದೇ 'ಆಲ್ಕೊಹಾಲಿಕ್ಸ್ ಅನಾನಿಮಸ್', ಚುಟುಕಾಗಿ ಎ.ಎ. ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ ಅದರ ಸದಸ್ಯತ್ವಕ್ಕೆ ಅರ್ಹತೆ. ಚಂದಾ ಇಲ್ಲ, ಜಾತಿಮತಗಳ ವಿಚಾರಣೆ ಇಲ್ಲ, ಒಬ್ಬರ ಹೆಸರನ್ನು ಇನ್ನೊಬ್ಬರು ಹೊರಗೆ ಹೇಳುವಂತಿಲ್ಲ. ಇದು ಬರಿಯ ನಂಬಿಕೆಯ ಮಾತಲ್ಲ. 2020ರಲ್ಲಿ ಪ್ರಕಟವಾದ ಕೊಕ್ರೇನ್ ಸಂಸ್ಥೆಯ ಪರಾಮರ್ಶೆಯು 27 ಅಧ್ಯಯನಗಳನ್ನು ತೂಗಿ ನೋಡಿ, ರೋಗಿಗಳನ್ನು ಕ್ರಮಬದ್ಧವಾಗಿ ಈ ಸಭೆಗಳಿಗೆ ಸೇರಿಸುವ ಚಿಕಿತ್ಸೆಯು ಸಂಪೂರ್ಣ ಮದ್ಯವರ್ಜನೆಯಲ್ಲಿ ಇತರ ಕ್ರಮಗಳಿಗಿಂತ ಹೆಚ್ಚು ಫಲಕಾರಿಯೆಂದು ಕಂಡುಕೊಂಡಿದೆ.

ಇಂತಹ ಸಭೆಯನ್ನು ಹುಡುಕುವುದು ಹೇಗೆ? ನಾಚಿಕೆಯಿಂದ ಕುಗ್ಗಿದವನು ತಾನಾಗಿ ವಿಚಾರಿಸಲಾರನು. ಆ ಕೆಲಸವನ್ನು ಮನೆಯವರೋ ನೆರೆಯವರೋ ವಹಿಸಿಕೊಳ್ಳಬೇಕು. ಮೊದಲು ವೈದ್ಯರನ್ನು ಕಾಣಿರಿ. ಬಹುಕಾಲ ವಿಪರೀತ ಕುಡಿದವನು ಥಟ್ಟನೆ ನಿಲ್ಲಿಸಿದರೆ ಕೈಕಾಲು ನಡುಗುವುದು, ಅಪಸ್ಮಾರ, ಭ್ರಮೆ ತಲೆದೋರಿ ಪ್ರಾಣಕ್ಕೇ ಅಪಾಯವಾಗಬಹುದು. ಸಭೆಯ ಸ್ಥಳ, ದಿನ, ವೇಳೆಗಳನ್ನು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೇಳಿರಿ. ಕೇಂದ್ರ ಸರಕಾರದ ವ್ಯಸನಮುಕ್ತಿ ದೂರವಾಣಿ 14446ಕ್ಕೆ ಕರೆಮಾಡಲು ಹಣ ತೆರಬೇಕಾಗಿಲ್ಲ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳು ನಮ್ಮ ಕಾಸರಗೋಡು ಸೀಮೆಯಲ್ಲಿಯೂ ಜರಗಿವೆ. ಶಿಬಿರ ಮುಗಿಸಿದವರು 'ನವಜೀವನ ಸಮಿತಿ'ಗಳಲ್ಲಿ ಮತ್ತೆ ಮತ್ತೆ ಕೂಡುತ್ತಾರೆ.

ವಿಚಾರಿಸುವಾಗ ಎರಡು ಪ್ರಶ್ನೆಗಳನ್ನು ಮರೆಯಬಾರದು. ಸಭೆಯು ಮುಕ್ತವೋ, ಸದಸ್ಯರಿಗೆ ಮಾತ್ರವೋ? ಮುಕ್ತ ಸಭೆಗೆ ಯಾರೂ ಹೋಗಬಹುದು. ಇನ್ನೊಂದು ವ್ಯಸನಿಗಳಿಗೆ ಮಾತ್ರ. ಎರಡನೆಯ ಪ್ರಶ್ನೆ ಗಡಿನಾಡಿನ ನಮಗೆ ಬಹು ಮುಖ್ಯ: ಅಲ್ಲಿ ಯಾವ ಭಾಷೆಯಲ್ಲಿ ಮಾತನಾಡುತ್ತಾರೆ?

ನಾನು ಇದನ್ನು ಕೇಳದೆ ಎಡವಿದೆನು. ವೈದ್ಯರ ಒಪ್ಪಿಗೆ ಪಡೆದು ಹುಡುಗನ ತಂದೆಯನ್ನು ಒಂದು ಮುಕ್ತ ಸಭೆಗೆ ಕರೆದೊಯ್ದೆನು. ಅಲ್ಲಿನವರು ಆದರದಿಂದ ಚಹಾ ಕೊಟ್ಟರು. ಸರದಿಯಂತೆ ಒಬ್ಬೊಬ್ಬರು ತಮ್ಮ ಬಾಳನ್ನು ಹೇಳಿಕೊಂಡರು. ಯಾರೂ ನಡುವೆ ಬಾಯಿಹಾಕಲಿಲ್ಲ, ಬುದ್ಧಿ ಹೇಳಲಿಲ್ಲ. ಆದರೆ ಎಲ್ಲವೂ ಮಲೆಯಾಳದಲ್ಲಿ. ಸಂತೆಯಲ್ಲಿ ಅಡಕೆ ಮಾರುವಷ್ಟು ಮಲೆಯಾಳ ಆತನಿಗೆ ಬರುತ್ತದೆ. ಹೆಂಡತಿಯನ್ನು ಹೊಡೆದೆನೆಂದು ಹೇಳುವಷ್ಟು ಬಾರದು. "ಇನ್ನು ಬರುವುದಿಲ್ಲ ಮಾಷ್ಟ್ರೇ" ಎಂದುಬಿಟ್ಟನು.

ಹಲವರು ಸೋಲುವುದು ಇಲ್ಲಿಯೇ. ಒಂದು ಸಭೆ ಹಿಡಿಸದಿದ್ದರೆ ಇನ್ನೊಂದನ್ನು ನೋಡಬೇಕೆಂದು ಹಳೆಯ ಸದಸ್ಯರೇ ಹೇಳುತ್ತಾರೆ. ಹದಿನೈದು ದಿನಗಳ ಬಳಿಕ, ಬಹಳ ಒತ್ತಾಯಿಸಿ, ಆತನೊಡನೆ ಮಂಗಳೂರಿಗೆ ರೈಲು ಹತ್ತಿದೆನು. ಅಲ್ಲಿನದು ಸದಸ್ಯರಿಗಷ್ಟೇ ಮೀಸಲಾದ ಸಭೆ. ಬಾಗಿಲಲ್ಲಿ ಒಬ್ಬರು ತುಳುವಿನಲ್ಲಿ ಮಾತನಾಡಿಸಿ ಆತನನ್ನು ಒಳಗೆ ಕರೆದೊಯ್ದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಹೊರಗಿನ ಬೆಂಚಿನಲ್ಲಿ ಸುಮ್ಮನೆ ಕುಳಿತೆನು.

ಮರಳುವಾಗ ಉಳ್ಳಾಲ ಕಳೆಯುವವರೆಗೂ ಆತನು ಮಾತನಾಡಲಿಲ್ಲ. ಆಮೇಲೆ, "ಮಕ್ಕಳ ಪುಸ್ತಕದ ಹಣದಲ್ಲಿ ಕುಡಿದವ ನಾನೊಬ್ಬನೇ ಅಲ್ಲ" ಎಂದನು. ನನ್ನ ಉಪದೇಶದಿಂದ ಬಾರದ ಮಾತು ಅದು. ತನ್ನಂತೆಯೇ ಬಿದ್ದು ಎದ್ದವನನ್ನು ಕಂಡಾಗ ಬಂದಿತು.

ಆ ಬಳಿಕ ಎಲ್ಲವೂ ಸುಸೂತ್ರವಾಯಿತೆಂದು ಬರೆದರೆ ಸುಳ್ಳಾದೀತು. ಊರ ಜಾತ್ರೆಯಲ್ಲಿ ಆತನು ಮತ್ತೆ ಕುಡಿದನು. ಆದರೆ ಮರುವಾರ ತಾನೇ ಹೊರಟುನಿಂತನು. ಜೀವಮಾನವಿಡೀ ಕುಡಿಯೆನೆಂಬ ಆಣೆ ಅಲ್ಲಿ ಬೇಡ. ಇಂದು ಒಂದು ದಿನ ಕುಡಿಯೆನೆಂದರೆ ಸಾಕು. ಪತ್ನಿಗೂ ಮನೆಮಂದಿಯೊಡನೆ ಹಂಚಿಕೊಳ್ಳಲು 'ಅಲ್-ಅನಾನ್' ಎಂಬ ಪ್ರತ್ಯೇಕ ಕೂಟವಿದೆಯೆಂದು ಅಲ್ಲಿಯೇ ತಿಳಿಯಿತು. ಇದು 1951ರಲ್ಲಿ ಅಮೆರಿಕದಲ್ಲಿ ಆರಂಭವಾದುದು.

ವಾಚಕ ಬಂಧುಗಳೇ, ನಿಮ್ಮ ನೆರೆಯಲ್ಲಿಯೂ ಇಂತಹ ಮನೆಯೊಂದು ಇದ್ದೀತು. ಆ ಮನೆಯ ಯಜಮಾನನನ್ನು ಜರೆಯುವುದಕ್ಕೆ ಮೊದಲು ಸಭೆ ಎಲ್ಲಿ, ಯಾವ ವಾರ, ಯಾವ ಭಾಷೆಯಲ್ಲಿ ಎಂದು ವಿಚಾರಿಸಿಕೊಳ್ಳಿರಿ. ಬಳಿಕ ಬಾಗಿಲವರೆಗೆ ಜತೆಯಾಗಿ ಹೋಗಿರಿ. ಒಳಗಿನದನ್ನು ಒಳಗಿನವರಿಗೆ ಬಿಡಿರಿ.

ನಮ್ಮ ಹುಡುಗನು ಈಗ ಗಂಟೆ ಬಾರಿಸಿದೊಡನೆ ಮನೆಗೆ ಹೊರಡುತ್ತಾನೆ. ಕೆಲವು ಸಂಜೆ ಇನ್ನೂ ಜಗಲಿಯಲ್ಲಿ ಒಂದು ಗಳಿಗೆ ನಿಂತು ರಸ್ತೆಯನ್ನು ನೋಡುತ್ತಾನೆ.