ಕ್ರೂಸಿಬಲ್ ಪಟ್ಟಿಯಲ್ಲಿ ನಮ್ಮವರೇಕಿಲ್ಲ?

ಏಪ್ರಿಲ್ ಮೂರನೇ ವಾರ ಬಂತೆಂದರೆ ನಮ್ಮಲ್ಲಿ ಐಪಿಎಲ್ ಜ್ವರ ಏರಿರುತ್ತದೆ. ಅದೇ ಹೊತ್ತಿಗೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಸಾವಿರ ಜನರೂ ಹಿಡಿಸದ ಕ್ರೂಸಿಬಲ್ ಎಂಬ ರಂಗಮಂದಿರದಲ್ಲಿ, 32 ಮಂದಿ ವೇಸ್ಟ್‌ಕೋಟು ತೊಟ್ಟು ಹದಿನೇಳು ದಿನ ಸ್ನೂಕರ್ ಆಡುತ್ತಾರೆ. 1977ರಿಂದ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿರುವುದು ಅಲ್ಲೇ. ಫೈನಲ್‌ನಲ್ಲಿ 35 ಫ್ರೇಮ್‌ಗಳ ಲೆಕ್ಕ, ಮೊದಲು 18 ಗೆದ್ದವನು ಚಾಂಪಿಯನ್. ಅಷ್ಟಕ್ಕೇ ಎರಡು ದಿನ ಬೇಕು.

ಈ ಆಟದ ಕ್ರೌರ್ಯ ಇರುವುದು ಕುರ್ಚಿಯಲ್ಲಿ. ಎದುರಾಳಿ ಒಂದು ಕೆಂಪು, ಒಂದು ಕಪ್ಪು, ಮತ್ತೊಂದು ಕೆಂಪು ಎಂದು ಚೆಂಡುಗಳನ್ನು ಮೇಜಿನ ಕಿಂಡಿಗೆ ಹಾಕುತ್ತಾ ಹೋದರೆ ಇವನು ಸುಮ್ಮನೆ ಕೂತು ನೋಡಬೇಕು. ಕ್ರಿಕೆಟ್‌ನಲ್ಲಾದರೆ ಓಡಿ ಒಂದು ಚೆಂಡು ತಡೆಯಬಹುದು, ಟೆನಿಸ್‌ನಲ್ಲಿ ಹೊಡೆದದ್ದನ್ನು ಹಿಂದಿರುಗಿಸಬಹುದು. ಇಲ್ಲಿ ನೀರು ಕುಡಿಯಬಹುದು, ಅಷ್ಟೆ. 1985ರ ಫೈನಲ್‌ನಲ್ಲಿ ಡೆನಿಸ್ ಟೇಲರ್ ಹೀಗೆ ಕೂತು 8-0 ಹಿಂದೆ ಬಿದ್ದಿದ್ದ. ಎದುರಿಗಿದ್ದವನು ಆ ಕಾಲದ ದೊರೆ ಸ್ಟೀವ್ ಡೇವಿಸ್. ಟೇಲರ್ ಹೇಗೋ 17-17ಕ್ಕೆ ತಂದು ನಿಲ್ಲಿಸಿದ. ಕೊನೆಯ ಫ್ರೇಮಿನ ಕೊನೆಯ ಕಪ್ಪು ಚೆಂಡಿಗೆ ಇಬ್ಬರೂ ಹಲವು ಸಲ ಪ್ರಯತ್ನಿಸಿ ಗುರಿ ತಪ್ಪಿದರು. ಕಡೆಗೆ ಟೇಲರ್ ಅದನ್ನು ಹಾಕಿದಾಗ ಮಧ್ಯರಾತ್ರಿ ದಾಟಿತ್ತು. ಬ್ರಿಟನ್ನಿನಲ್ಲಿ 1 ಕೋಟಿ 85 ಲಕ್ಷ ಜನ ನಿದ್ದೆಗೆಟ್ಟು ಟಿವಿ ಮುಂದೆ ಕೂತಿದ್ದರು. ಇಡೀ ಪಂದ್ಯದಲ್ಲಿ ಅವನು ಮುಂದೆ ಇದ್ದದ್ದು ಆ ಒಂದೇ ಚೆಂಡಿನಿಂದ!

2025ರ ಮೇ ತಿಂಗಳಲ್ಲಿ ಅದೇ ಮೇಜಿನ ಮೇಲೆ ಚೀನಾದ ಝಾವೊ ಶಿನ್‌ಟಾಂಗ್ ಗೆದ್ದ. ಸೆಮಿಫೈನಲ್‌ನಲ್ಲಿ ಏಳು ಬಾರಿಯ ಚಾಂಪಿಯನ್ ರಾನಿ ಓಸುಲಿವನ್‌ನನ್ನು 17-7ರಿಂದ ಮನೆಗೆ ಕಳಿಸಿದ, ಫೈನಲ್‌ನಲ್ಲಿ ಐವತ್ತು ವರ್ಷದ ಮಾರ್ಕ್ ವಿಲಿಯಮ್ಸ್‌ನನ್ನು 18-12ರಿಂದ ಸೋಲಿಸಿದ. ಈ ಪ್ರಶಸ್ತಿ ಪಡೆದ ಮೊದಲ ಏಷ್ಯನ್ ಅವನೇ. ಆಗ ಅವನ ಬಳಿ ವೃತ್ತಿಪರರ ಟೂರ್ ಕಾರ್ಡ್ ಇರಲಿಲ್ಲ, ಅಮೆಚೂರ್ ಆಗಿ ನಾಲ್ಕು ಅರ್ಹತಾ ಸುತ್ತು ದಾಟಿ ಬಂದಿದ್ದ. ಕಾರ್ಡ್ ಹೋಗಿದ್ದೇಕೆ ಎಂಬುದನ್ನೂ ಹೇಳಿಬಿಡಬೇಕು. ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ 2023ರಲ್ಲಿ ಚೀನಾದ ಹತ್ತು ಮಂದಿ ಆಟಗಾರರು ಸಿಕ್ಕಿಬಿದ್ದರು, ಇಬ್ಬರಿಗೆ ಆಜೀವ ನಿಷೇಧವಾಯಿತು. ಇನ್ನೊಬ್ಬ ಆಟಗಾರನ ಫಿಕ್ಸಿಂಗ್‌ನಲ್ಲಿ ಭಾಗಿಯಾದದ್ದಕ್ಕೆ ಮತ್ತು ಬಾಜಿ ಕಟ್ಟಿದ್ದಕ್ಕೆ ಝಾವೊಗೆ 20 ತಿಂಗಳ ನಿಷೇಧ ಬಿತ್ತು. ಚೀನಾದ ದಾರಿಯನ್ನು ಹೊಗಳುವವರು ಇದನ್ನು ಮುಚ್ಚಿಡಬಾರದು.

ಆದರೂ ಆ ದಾರಿಯನ್ನು ನಾವು ನೋಡಲೇಬೇಕು. ಯಾಕೆಂದರೆ ಈ ಆಟ ಹುಟ್ಟಿದ್ದು ನಮ್ಮಲ್ಲಿ. 1875ರಲ್ಲಿ ಜಬಲ್ಪುರದ ಸೇನಾ ಮೆಸ್‌ನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಬ್ರಿಟಿಷ್ ಅಧಿಕಾರಿ ಬಿಲಿಯರ್ಡ್ಸ್ ಮೇಜಿಗೆ ಬಣ್ಣದ ಚೆಂಡುಗಳನ್ನು ಸೇರಿಸಿ ಶುರುಮಾಡಿದ ಆಟವಿದು. ಅದಕ್ಕೆ ರೂಪ ಬಂದದ್ದು ಕರ್ನಾಟಕದ ಗಡಿಯಾಚೆಯ ಊಟಿ ಕ್ಲಬ್ಬಿನಲ್ಲಿ. ಕ್ಯೂ ಹಿಡಿಯುವ ಕೈಗೂ ನಮಗೆ ಕೊರತೆಯಿಲ್ಲ. 1958ರಲ್ಲಿ ವಿಲ್ಸನ್ ಜೋನ್ಸ್ ಬಿಲಿಯರ್ಡ್ಸ್‌ನಲ್ಲಿ ವಿಶ್ವ ಅಮೆಚೂರ್ ಪ್ರಶಸ್ತಿ ಗೆದ್ದರು, 1984ರಲ್ಲಿ ಓಂ ಅಗರ್ವಾಲ್ ಸ್ನೂಕರ್‌ನಲ್ಲಿ ಗೆದ್ದರು. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ, ಅರವಿಂದ್ ಸವೂರ್ ಅವರ ಗರಡಿಯಲ್ಲಿ ಬೆಳೆದು, 2024ರ ನವೆಂಬರ್ ಹೊತ್ತಿಗೆ 28 ವಿಶ್ವ ಪ್ರಶಸ್ತಿ ಗಳಿಸಿದ್ದರು. ವಿದ್ಯಾ ಪಿಳ್ಳೈ, ಚಿತ್ರಾ ಮಗಿಮೈರಾಜ್ ಅವರೂ ಬೆಂಗಳೂರಿನವರೇ. ಇಷ್ಟೆಲ್ಲ ಇದ್ದೂ ಕ್ರೂಸಿಬಲ್ ಫೈನಲ್ ಆಡಿದವರ ಪಟ್ಟಿಯಲ್ಲಿ ಭಾರತದ ಒಂದು ಹೆಸರೂ ಇಲ್ಲ.

ಪಂಕಜ್ ಅವರ ಪ್ರಶಸ್ತಿಗಳು ಬಹುಪಾಲು ಬಂದದ್ದು ಬಿಲಿಯರ್ಡ್ಸ್‌ನಿಂದ ಮತ್ತು ಅಮೆಚೂರ್ ಒಕ್ಕೂಟವಾದ ಐಬಿಎಸ್‌ಎಫ್ ನಡೆಸುವ ಸ್ನೂಕರ್‌ನಿಂದ. ಅದನ್ನು ಹೇಳಿದರೆ ಅವರ ಅಭಿಮಾನಿಗಳಿಗೆ ಕೋಪ ಬರುತ್ತದೆ, ಬರಲಿ. ಅದರಿಂದ ಅವರ ಪ್ರತಿಭೆ ಕಿರಿದಾಗುವುದಿಲ್ಲ. ಅವರೂ 2012ರಲ್ಲಿ ವೃತ್ತಿಪರ ಟೂರ್‌ಗೆ ಹೋದರು, 2013ರ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್‌ಫೈನಲ್ ಮುಟ್ಟಿದರು, 2014ರಲ್ಲಿ ಬಿಟ್ಟು ಬಂದರು. ಅದೇ ಅವಧಿಯಲ್ಲಿ, 2013ರ ಇಂಡಿಯನ್ ಓಪನ್‌ನಲ್ಲಿ ಮುಂಬೈನ ಆದಿತ್ಯ ಮೆಹ್ತಾ ಫೈನಲ್ ತಲುಪಿ ಚೀನಾದ ಡಿಂಗ್ ಜುನ್‌ಹುಯಿಗೆ ಸೋತರು. ಬಿಟ್ಟು ಬಂದದ್ದಕ್ಕೆ ಪಂಕಜ್ ಅವರನ್ನು ದೂರುವಂತಿಲ್ಲ. ಟೂರ್ ಎಂದರೆ ವರ್ಷದ ಬಹುಪಾಲು ಬ್ರಿಟನ್ನಿನಲ್ಲಿ ಒಂಟಿಯಾಗಿ ಬದುಕುವುದು, ಚೀನಾಕ್ಕೆ ಹಾರುವುದು, ಮೊದಲ ಸುತ್ತಿನಲ್ಲೇ ಸೋತರೆ ವಿಮಾನದ ಖರ್ಚೂ ಹುಟ್ಟದಿರುವುದು. ಊರಿನಲ್ಲಿ ಒಎನ್‌ಜಿಸಿಯಂಥ ಸಂಸ್ಥೆಯ ನೌಕರಿ, ಖೇಲ್ ರತ್ನ, ಪದ್ಮಭೂಷಣ ಇರುವಾಗ ಜಾಣರು ಯಾವುದನ್ನು ಆಯ್ದುಕೊಳ್ಳುತ್ತಾರೆ? ನಮ್ಮ ವ್ಯವಸ್ಥೆ ಪದಕಕ್ಕೆ ಸಂಬಳ ಕೊಡುತ್ತದೆ. ರ‍್ಯಾಂಕಿಂಗ್‌ನಲ್ಲಿ 70ನೇ ಸ್ಥಾನದಿಂದ 40ಕ್ಕೆ ಏರಲು ಒದ್ದಾಡುವ ಹುಡುಗನಿಗೆ ಅದರ ಖಾತೆಯಲ್ಲಿ ಜಾಗವೇ ಇಲ್ಲ.

ಚೀನಾ ಮಾಡಿದ್ದು ಇದಕ್ಕೆ ತದ್ವಿರುದ್ಧ. ಹದಿನೆಂಟರ ಡಿಂಗ್ 2005ರಲ್ಲಿ ಬೀಜಿಂಗ್‌ನಲ್ಲಿ ಸ್ಟೀಫನ್ ಹೆಂಡ್ರಿಯನ್ನು ಮಣಿಸಿದಾಗ ಇಡೀ ದೇಶ ಟಿವಿ ನೋಡಿತು. ಡಿಂಗ್ ಹದಿಹರೆಯದಲ್ಲೇ ಇಂಗ್ಲೆಂಡಿಗೆ ಹೋಗಿ ನೆಲೆಸಿದ್ದ. ಅವನ ಹಿಂದೆ ಹತ್ತಾರು ಹುಡುಗರು ಹೋದರು, ಶೆಫೀಲ್ಡ್‌ನಲ್ಲಿ ಅವರಿಗಾಗಿಯೇ ಅಕಾಡೆಮಿಗಳು ಎದ್ದವು. ಜೊತೆಗೆ ಚೀನಾ ದೊಡ್ಡ ರ‍್ಯಾಂಕಿಂಗ್ ಪಂದ್ಯಾವಳಿಗಳನ್ನು ತನ್ನ ನೆಲಕ್ಕೇ ಕರೆಸಿಕೊಂಡಿತು. ಡಿಂಗ್ 2016ರ ಕ್ರೂಸಿಬಲ್ ಫೈನಲ್‌ನಲ್ಲಿ ಸೋತ, ಒಂಬತ್ತು ವರ್ಷದ ಮೇಲೆ ಝಾವೊ ಗೆದ್ದ. ಬಿತ್ತಿದ ಇಪ್ಪತ್ತು ವರ್ಷಕ್ಕೆ ಬೆಳೆ ಬಂತು.

ನಮ್ಮಲ್ಲಿಯೂ ಇಂಡಿಯನ್ ಓಪನ್ ಇತ್ತು. 2013ರ ದೆಹಲಿಯಿಂದ ಮುಂಬೈ, ಹೈದರಾಬಾದ್, ವಿಶಾಖಪಟ್ಟಣ ಸುತ್ತಿ 2019ರಲ್ಲಿ ಕೊಚ್ಚಿಗೆ ಬಂತು. ಪಂಕಜ್ ಅವರ ಊರಿಗೆ ಮಾತ್ರ ಬರಲಿಲ್ಲ. ಇತ್ತ ನಮ್ಮ ಮನೆಗಳಲ್ಲಿ ಸ್ನೂಕರ್ ಪಾರ್ಲರ್ ಎಂದರೆ ಇಂದಿಗೂ ಕಾಲೇಜಿಗೆ ಚಕ್ಕರ್ ಹೊಡೆದವರ ಅಡ್ಡೆ. ಆ ಅಡ್ಡೆಯಲ್ಲೇ ಚೆನ್ನಾಗಿ ಆಡುವ ಹುಡುಗನಿರುತ್ತಾನೆ ಎಂಬುದು ಅಪ್ಪ ಅಮ್ಮಂದಿರಿಗೂ ಗೊತ್ತಿಲ್ಲ, ಸರ್ಕಾರಕ್ಕೂ ಬೇಕಿಲ್ಲ. ಭಾರತದ ಇಶ್‌ಪ್ರೀತ್ ಸಿಂಗ್ ಚಡ್ಢಾ 2024ರ ಇಂಗ್ಲಿಷ್ ಓಪನ್‌ನಲ್ಲಿ ಸೆಮಿಫೈನಲ್ ತಲುಪಿದ್ದು ಎಷ್ಟು ಪತ್ರಿಕೆಗಳಲ್ಲಿ ನಾಲ್ಕು ಸಾಲಿಗಿಂತ ಹೆಚ್ಚು ಬಂತು?

ಕೋಟಿಗಟ್ಟಲೆ ಸುರಿದು ಹೊಸ ಕ್ರೀಡಾಂಗಣ ಕಟ್ಟಬೇಕಾಗಿಲ್ಲ. ಹನ್ನೆರಡು ಅಡಿ ಉದ್ದ, ಆರಡಿ ಅಗಲದ ಮೇಜುಗಳು ನಮ್ಮ ಕ್ಲಬ್ಬುಗಳಲ್ಲಿ ಸಾಕಷ್ಟಿವೆ. ಗೆದ್ದು ಬಂದವರಿಗೆ ವಿಧಾನಸೌಧದ ಮೆಟ್ಟಿಲ ಮೇಲೆ ಹಾರ ಹಾಕಿ ಚೆಕ್ ಕೊಡುವ ಮೊದಲು, ರಾಜ್ಯದ ಹದಿನಾರರ ಮೂವರು ಹುಡುಗರನ್ನೋ ಹುಡುಗಿಯರನ್ನೋ ಆರಿಸಿ, ಐದು ವರ್ಷ ಶೆಫೀಲ್ಡ್‌ನಲ್ಲಿ ಇರಿಸಿ, ಸೋತರೂ ಖರ್ಚು ಕೊಡುತ್ತೇವೆ ಎಂದು ಕ್ರೀಡಾ ಇಲಾಖೆ ಬರೆದುಕೊಡಲಿ.