ಟು ಎಲ್ಲಿ, ಇಂಗ್ ಎಲ್ಲಿ?

ಕಾರವಾರದ ಬಸ್ಸು ಹಟ್ಟಿಕೇರಿ ಟೋಲಿನ ಸಾಲಿನಲ್ಲಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಗೆಳತಿಗೆ ಇಂಗ್ಲಿಷ್ ವ್ಯಾಕರಣದ ಗೈಡು ಓದಿ ಹೇಳುತ್ತಿದ್ದಳು: "ಎಂಜಾಯ್ ಬಂದ್ರೆ ಇಂಗ್, ವಾಂಟ್ ಬಂದ್ರೆ ಟು. ಯಾಕೆ ಅಂತ ಕೇಳೂಕೆ ಇಲ್ಲ, ಬಾಯಿಪಾಠ ಮಾಡೂದು ಅಷ್ಟೇ."

ಗೈಡುಗಳ ಮೇಲಿನ ನನ್ನ ಸಿಟ್ಟು ಈ ಅಂಕಣದ ಓದುಗರಿಗೆ ಹೊಸದಲ್ಲ. 'ಯಾಕೆ' ಎಂಬ ಪ್ರಶ್ನೆಗೆ ಬಾಗಿಲು ಹಾಕುವ ಪುಸ್ತಕವನ್ನು ವ್ಯಾಕರಣ ಎಂದು ಕರೆಯುವುದೇ ತಪ್ಪು. ಆದರೆ ಈ ಸಲ ವಾರವಿಡೀ ಕಾಡಿದ್ದು ಗೈಡಲ್ಲ, ಆ ಹುಡುಗಿಯ ಮಾತೇ. 'ಕೇಳೂಕೆ', 'ಮಾಡೂದು' ಎರಡನ್ನೂ ಒಂದೇ ಉಸಿರಿನಲ್ಲಿ, ತಡವರಿಸದೆ ಆಡಿದ್ದಳು. ಇಂಗ್ಲಿಷಿನ ಇನ್ಫಿನಿಟಿವ್ (ಟು ರೂಪ) ಮತ್ತು ಜೆರಂಡ್‌ಗೆ (ಇಂಗ್ ರೂಪ) ಕನ್ನಡದಲ್ಲಿ ಹತ್ತಿರದ ನೆಂಟರು ಇವೇ.

'ಕೇಳೂಕೆ'ಯ ಕೊನೆಗಿರುವುದು ಚತುರ್ಥಿ ವಿಭಕ್ತಿ. ನನ್ನ ಚತುರ್ಥಿಯ ಹುಚ್ಚು ಬಲ್ಲವರು ಈ ಪ್ಯಾರಾ ಹಾರಿಸಿದರೂ ಬೇಸರವಿಲ್ಲ. ಇಂಗ್ಲಿಷಿನ 'ಟು' ಮೂಲತಃ 'ಕಡೆಗೆ' ಎಂಬ ಅರ್ಥದ್ದು. ಹಳೆಯ ಇಂಗ್ಲಿಷಿನಲ್ಲಿ ಅದರ ಜೊತೆ ಬರುವ ಕ್ರಿಯಾರೂಪಕ್ಕೆ ಚತುರ್ಥಿಯ ಪ್ರತ್ಯಯವೇ ಹತ್ತುತ್ತಿತ್ತು. ವೇದದ ಸಂಸ್ಕೃತದಲ್ಲಿ 'ತವೇ' ಎಂದು ಮುಗಿಯುವ ರೂಪಗಳೂ ಚತುರ್ಥಿಯವೇ. ಪಾಣಿನಿ ಸಂಸ್ಕೃತದ ಇನ್ಫಿನಿಟಿವ್‌ಗೆ 'ತುಮುನ್' ಪ್ರತ್ಯಯ ವಿಧಿಸುವುದು ಒಂದು ಕ್ರಿಯೆ ಇನ್ನೊಂದರ ಸಲುವಾಗಿ ನಡೆಯುವಾಗ, ಅದೂ ಭವಿಷ್ಯದ ಅರ್ಥದಲ್ಲಿ.

ಹಾಗಾದರೆ 'ಟು' ಎಂದರೆ ಮುಂದೆ ಆಗಬೇಕಾದದ್ದು, 'ಇಂಗ್' ಎಂದರೆ ಆದದ್ದು ಅಥವಾ ಆಗುತ್ತಿರುವುದು ಎನ್ನಬಹುದೇ? ಅಮೆರಿಕದ ಭಾಷಾವಿಜ್ಞಾನಿ ಡ್ವೈಟ್ ಬೋಲಿಂಜರ್ 1968ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ವಾಂಟ್, ಹೋಪ್, ಡಿಸೈಡ್ ಒಂದು ಕಡೆ; ಎಂಜಾಯ್, ಫಿನಿಶ್, ಡಿನೈ ಇನ್ನೊಂದು ಕಡೆ. ಲೆಕ್ಕ ಸರಿಹೋಯಿತು ಅನ್ನುವಷ್ಟರಲ್ಲಿ 'ಅವಾಯ್ಡ್', 'ಪೋಸ್ಟ್‌ಪೋನ್' ಬಂದು ಆಗದ ಕೆಲಸಕ್ಕೂ ಇಂಗ್ ಬೇಕೆಂದು ಹಟ ಹಿಡಿಯುತ್ತವೆ. 'ಮ್ಯಾನೇಜ್' ಆದರೋ ಮಾಡಿ ಮುಗಿಸಿದ್ದಕ್ಕೂ ಟು ಕೇಳುತ್ತದೆ.

ಯಾವ ಕ್ರಿಯಾಪದಕ್ಕೆ ಯಾವ ರೂಪ ಎಂದು ಕೇಳುತ್ತ ಹೋದರೆ ಪಟ್ಟಿಯಷ್ಟೇ ಸಿಗುತ್ತದೆ. ಕೇಳಬೇಕಾದದ್ದು ಬೇರೆ: ಒಂದೇ ಕ್ರಿಯಾಪದ ಎರಡೂ ರೂಪಗಳನ್ನು ಒಪ್ಪಿಕೊಂಡಾಗ ಅರ್ಥ ಏನಾಗುತ್ತದೆ? 'ಫರ್ಗಾಟ್ ಟು ಲಾಕ್' ಎಂದರೆ ಬಾಗಿಲಿಗೆ ಬೀಗ ಬಿದ್ದಿಲ್ಲ. 'ಫರ್ಗಾಟ್ ಲಾಕಿಂಗ್' ಎಂದರೆ ಬಿದ್ದಿದೆ, ಹಾಕಿದವನಿಗೆ ನೆನಪಿಲ್ಲ. ಇದನ್ನೇ ನಾವು ಮನೆಯಲ್ಲಿ ಹೇಗೆ ಹೇಳುತ್ತೇವೆ? 'ಬೀಗ ಹಾಕೂದು ಮರೆತೆ', 'ಬೀಗ ಹಾಕಿದ್ದು ಮರೆತೆ'. ನನ್ನ ಪ್ರೀತಿಯ ಚತುರ್ಥಿಯ ಸುಳಿವೇ ಇಲ್ಲಿಲ್ಲ! ಎರಡೂ ನಾಮರೂಪವೇ, ಭೇದವೆಲ್ಲ ಕಾಲದ್ದು. 'ಸ್ಟಾಪ್' ಬಂದಾಗ ಮಾತ್ರ ಚತುರ್ಥಿ ಮರಳುತ್ತದೆ: ಬೀಡಿ ಸೇದೂದು ನಿಲ್ಲಿಸಿದವನು ಬೇರೆ, ಬೀಡಿ ಸೇದೂಕೆ ನಿಂತವನು ಬೇರೆ. ಇಂಗ್ಲಿಷ್ ಟು, ಇಂಗ್ ಎರಡರಲ್ಲೇ ಮುಗಿಸುವ ಕೆಲಸಕ್ಕೆ ಕನ್ನಡ ವಿಭಕ್ತಿ, ಕಾಲ ಎರಡನ್ನೂ ಹಚ್ಚುತ್ತದೆ. ಈ ಸೂಕ್ಷ್ಮ ನಮ್ಮ ಮಕ್ಕಳಿಗೆ ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಬಂದಿರುತ್ತದೆ.

ಅಂಕೋಲೆ, ಕಾರವಾರದ ಇಂಗ್ಲಿಷ್ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಎಂಜಾಯ್, ಅವಾಯ್ಡ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸದೆ ಗತಿಯಿಲ್ಲ, ಮಾಡಿಸಿ. ಆದರೆ ಪಾಠವನ್ನು ಅಲ್ಲಿಂದ ಶುರು ಮಾಡಬೇಡಿ. ಫರ್ಗೆಟ್, ರಿಮೆಂಬರ್, ಸ್ಟಾಪ್ ಮೊದಲು ಬರಲಿ. ಬೀಗದ ಆ ಎರಡು ಕನ್ನಡ ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆದು, ಯಾವುದರಲ್ಲಿ ಕಳ್ಳ ಒಳಗೆ ಬರಬಹುದು ಎಂದು ಮಕ್ಕಳನ್ನೇ ಕೇಳಿ. ಆಮೇಲೆ ಗೈಡು ತೆರೆಯಲಿ.