ಸಂಜೆ ಆರರಿಂದ ಹತ್ತರವರೆಗೆ

ಹೊಸ ವಸ್ತುವೊಂದು ವಿದ್ಯಾರ್ಥಿಯ ಕೈಸೇರಿದಾಗಲೆಲ್ಲ ಹಿರಿಯರು ಗಾಬರಿಗೊಳ್ಳುವುದು ಲೋಕರೂಢಿ. ಕಾದಂಬರಿ ಓದಿದ ಹುಡುಗಿ ಕೆಟ್ಟಳೆಂದು ನಂಬಿದ್ದ ಕಾಲವೊಂದಿತ್ತು. ವಾರಪತ್ರಿಕೆಯ ಧಾರಾವಾಹಿಯನ್ನು ಪಠ್ಯಪುಸ್ತಕದ ಮಡಿಲಲ್ಲಿ ಅಡಗಿಸಿಟ್ಟುಕೊಂಡು ಓದಿದವರು ಇಂದಿನ ಅಜ್ಜಿಯರಲ್ಲಿ ಕಡಮೆಯೇನಲ್ಲ. ಅದರಿಂದ ಯಾರ ಸಂಸಾರವೂ ಮುಳುಗಿದಂತೆ ಕಾಣಲಿಲ್ಲ. ಆ ಬಳಿಕ ಸಿನಿಮಾ ಬಂದಿತು, ಟೆಲಿವಿಷನ್ ಬಂದಿತು. ಈಗ ಸರದಿ ಮೊಬೈಲಿನದು. ಕನ್ನಡದಲ್ಲಿ ಇದನ್ನು ವಿನೋದಕ್ಕಾಗಿ ಜಂಗಮವಾಣಿ ಎಂದು ಕರೆಯುವುದುಂಟು. ಆದರೆ ಕಾಲೇಜುಗಳು ಮಾತ್ರ ಈ ಜಂಗಮವನ್ನು ಕಂಡೊಡನೆ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಸ್ಥಾವರವಾಗಿಸುವ ಯೋಚನೆಯಲ್ಲಿ ತೊಡಗುತ್ತವೆ.

ಕೇರಳದ ಕಲ್ಲಿಕೋಟೆ ಜಿಲ್ಲೆಯ ಕಾಲೇಜೊಂದರಲ್ಲಿ 2019ರಲ್ಲಿ ಹೀಗೆಯೇ ಆಯಿತು. ಅಲ್ಲಿನ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮೊಬೈಲ್ ಬಳಸಕೂಡದೆಂಬ ನಿಯಮವಿದ್ದಿತು. ಅದು ನಿದ್ರೆಯ ವೇಳೆ. ಯಾರೂ ದೊಡ್ಡದಾಗಿ ಆಕ್ಷೇಪಿಸುವಂತಹದಲ್ಲ. ಆ ವರ್ಷದ ಜೂನ್ ತಿಂಗಳಿನಲ್ಲಿ ನಿಯಮ ಬದಲಾಯಿತು. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ, ಎಂದರೆ ಓದಲು ಕೂಡುವ ಹೊತ್ತಿನಲ್ಲಿಯೇ, ಮೊಬೈಲನ್ನು ಒಪ್ಪಿಸಿಬಿಡಬೇಕು ಎಂದಾಯಿತು. ಓದಿನ ವೇಳೆ ಓದಿಗೇ ಮೀಸಲಾಗಿರಲಿ ಎಂಬುದು ಆಡಳಿತದವರ ಸಮರ್ಥನೆ. ತಂದೆತಾಯಿಯರ ಕೋರಿಕೆಯೂ ಅದೇ ಎಂದು ಅವರು ಹೇಳಿದರು.

ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಸಿಸುತ್ತಿದ್ದ ಬಿ.ಎ. ತರಗತಿಯ ತರುಣಿಯೊಬ್ಬಳು ಇದಕ್ಕೆ ಒಪ್ಪಲಿಲ್ಲ. ಕೂಗಾಡಲಿಲ್ಲ, ಕದ್ದು ಬಳಸಲೂ ಇಲ್ಲ. ನಿಯಮವನ್ನು ಪಾಲಿಸಲಾರೆನೆಂದು ಸ್ಪಷ್ಟವಾಗಿ ತಿಳಿಸಿದಳು. ನಿಲಯವನ್ನು ತೆರವು ಮಾಡುವಂತೆ ಆಕೆಗೆ ಆದೇಶವಾಯಿತು. ಮನೆ ದೂರ, ದಿನವೂ ಓಡಾಡಿಕೊಂಡು ಕಲಿಯುವ ಪಾಡು. ಕದ್ದು ಬಳಸಿದ್ದರೆ ಬಹುಶಃ ಯಾರಿಗೂ ತಿಳಿಯುತ್ತಿರಲಿಲ್ಲ. ನಿಯಮ ಮುರಿಯುವವರನ್ನು ಹೇಗೋ ಸಹಿಸುವ ನಮ್ಮ ಸಂಸ್ಥೆಗಳಿಗೆ, ನಿಯಮವನ್ನು ಪ್ರಶ್ನಿಸುವವರನ್ನು ಸಹಿಸುವುದು ಕಷ್ಟ.

ಆಕೆ ಕೇರಳದ ಹೈಕೋರ್ಟಿನ ಮೊರೆಹೊಕ್ಕಳು. ಈ ನಿಷೇಧ ಹುಡುಗಿಯರ ನಿಲಯಕ್ಕೆ ಮಾತ್ರವಿದೆ, ಹುಡುಗರ ನಿಲಯಕ್ಕಿಲ್ಲ ಎಂಬುದು ಆಕೆಯ ವಾದಗಳಲ್ಲೊಂದು. ಅಂತರ್ಜಾಲವೂ ಪುಸ್ತಕದಂತೆಯೇ ಜ್ಞಾನದ ಆಕರ, ಅದನ್ನು ತಡೆಹಿಡಿಯುವುದು ಓದನ್ನೇ ತಡೆಹಿಡಿದಂತೆ ಎಂಬುದು ಇನ್ನೊಂದು. 2019ರ ಸೆಪ್ಟೆಂಬರ್ 19ರಂದು ನ್ಯಾಯಮೂರ್ತಿ ಪಿ. ವಿ. ಆಶಾ ಅವರು ತೀರ್ಪಿತ್ತರು. ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನಲ್ಲಿಯೂ ಸಂವಿಧಾನದ 21ನೆಯ ಅನುಚ್ಛೇದದ ಖಾಸಗಿತನದ ಹಕ್ಕಿನಲ್ಲಿಯೂ ಅಡಕವಾಗಿದೆಯೆಂದು ಅವರು ಹೇಳಿದರು. ವಿದ್ಯಾರ್ಥಿನಿಯನ್ನು ನಿಲಯಕ್ಕೆ ಮರಳಿ ಸೇರಿಸಿಕೊಳ್ಳುವಂತೆ ಆಜ್ಞೆಯಾಯಿತು. ಇತರರಿಗೆ ತೊಂದರೆಯಾಗದಂತೆ ನಡೆದುಕೊಳ್ಳುವ ಹೊಣೆ ಆಕೆಯದಾಯಿತು.

ಪತ್ರಿಕೆಗಳು ಹಕ್ಕಿನ ಮಾತನ್ನು ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಿದವು. ಆದರೆ ಅಧ್ಯಾಪಕರಾದವರು ಗಮನಿಸಬೇಕಾದ ಮಾತು ತೀರ್ಪಿನೊಳಗೆ ಬೇರೊಂದಿದೆ. ಮೊಬೈಲನ್ನು ಬಳಸೆಂದಾಗಲಿ ಬಳಸಬೇಡವೆಂದಾಗಲಿ ಯಾರನ್ನೂ ಬಲವಂತಪಡಿಸಬಾರದು. ಅದನ್ನು ದುರುಪಯೋಗ ಮಾಡದೆ ಕಲಿಕೆಗೆ ಬಳಸುವ ನಿರ್ಧಾರವನ್ನು ವಿದ್ಯಾರ್ಥಿನಿಯೇ ಮಾಡಬೇಕು ಎಂಬುದು ಅದರ ಆಶಯ. ಕಾಲೇಜಿನ ಹುಡುಗಿ ಮತದಾನದ ವಯಸ್ಸಿಗೆ ಬಂದವಳು. ರಾಜ್ಯವನ್ನು ಯಾರು ಆಳಬೇಕೆಂದು ನಿರ್ಧರಿಸಬಲ್ಲವಳಿಗೆ ಸಂಜೆ ಏಳು ಗಂಟೆಗೆ ಏನು ಓದಬೇಕೆಂದು ನಿರ್ಧರಿಸುವ ಶಕ್ತಿ ಇಲ್ಲವೆನ್ನುವುದು ವಿಚಿತ್ರ.

ಲ್ಯಾಪ್‌ಟಾಪಿಲ್ಲವೆ, ಕಂಪ್ಯೂಟರಿಲ್ಲವೆ, ಮೊಬೈಲೇ ಏಕೆ ಎಂದು ಕೇಳುವವರಿದ್ದಾರೆ. ಅವರು 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನ ಅಂಕಿಗಳನ್ನು ನೋಡಬೇಕು. ಆಗ ಭಾರತದಲ್ಲಿ ಕಂಪ್ಯೂಟರ್ ಇದ್ದ ಮನೆಗಳು ನೂರಕ್ಕೆ 11ರಷ್ಟು. ಹಳ್ಳಿಗಳಲ್ಲಂತೂ ನೂರಕ್ಕೆ ನಾಲ್ಕೈದು. ಹಳ್ಳಿಯಿಂದ ಬಂದ ವಿದ್ಯಾರ್ಥಿನಿಯ ಪಾಲಿಗೆ ಆ ಅಂಗೈಯಗಲದ ಯಂತ್ರವೇ ಟೈಪ್‌ರೈಟರು, ನಿಘಂಟು, ಗ್ರಂಥಾಲಯ, ಎಲ್ಲವೂ. ಇತ್ತ ಕೇಂದ್ರ ಸರ್ಕಾರ 2017ರಲ್ಲಿ ‘ಸ್ವಯಂ’ ಎಂಬ ಅಂತರ್ಜಾಲ ಪಾಠಗಳ ವೇದಿಕೆಯನ್ನು ತೆರೆದಿತ್ತು. ಅಲ್ಲಿ ಕಲಿತುದನ್ನು ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2016ರಲ್ಲಿಯೇ ನಿಯಮ ಮಾಡಿತ್ತು. ಮೊದಲು ನೂರಕ್ಕೆ 20ರಷ್ಟು, 2021ರಲ್ಲಿ 40ರಷ್ಟು. ದೆಹಲಿ ತೆರೆದ ಬಾಗಿಲನ್ನು ನಿಲಯದ ಮೇಲ್ವಿಚಾರಕರು ಸಂಜೆ ಆರಕ್ಕೆ ಮುಚ್ಚುತ್ತಿದ್ದರು.

ಕನ್ನಡದ್ದೇ ಒಂದು ಉದಾಹರಣೆ ಕೊಡಬಹುದು. ಹಳಗನ್ನಡ ಓದುವ ವಿದ್ಯಾರ್ಥಿಗೆ ಪುಟಕ್ಕೆ ಹತ್ತು ಬಾರಿ ನಿಘಂಟು ಬೇಕಾಗುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟು 1700 ಪುಟಗಳನ್ನು ಮೀರಿದ ಬೃಹದ್ಗ್ರಂಥ. ಅಂತಹ ಗ್ರಂಥವನ್ನು ಕಾಲೇಜಿನ ಪುಸ್ತಕಭಂಡಾರದಿಂದ ಹೊರಗೆ ಕೊಡುವುದಿಲ್ಲ. ಭಂಡಾರವೋ ಬಹುಪಾಲು ಕಡೆ ಸಂಜೆ ಐದಾಗುತ್ತಲೇ ಮುಚ್ಚುತ್ತದೆ. ಅದೇ ಗ್ರಂಥದ ಪುಟಪುಟವೂ ಇಂದು ಅಂತರ್ಜಾಲದಲ್ಲಿ ಹಣಕೊಡದೆ ದೊರೆಯುತ್ತದೆ. ಐದಕ್ಕೆ ಪುಸ್ತಕಕ್ಕೆ ಬೀಗ, ಆರಕ್ಕೆ ಮೊಬೈಲಿಗೆ ಬೀಗ. ನಡುವಣ ಒಂದು ಗಂಟೆ ಕಾಫಿಗೆ! ಸಂಜೆಯ ಓದಿನ ಬಗ್ಗೆ ನಿಜವಾದ ಕಾಳಜಿಯಿದ್ದ ಆಡಳಿತ ಮೊದಲು ಮಾಡಬೇಕಾದ ಕೆಲಸ ಪುಸ್ತಕಭಂಡಾರವನ್ನು ರಾತ್ರಿ ಹತ್ತರವರೆಗೆ ತೆರೆದಿಡುವುದು. ಅದಕ್ಕೆ ಸಿಬ್ಬಂದಿ ಬೇಕು, ಹಣ ಬೇಕು. ಮೊಬೈಲ್ ಕಸಿದುಕೊಳ್ಳುವುದಕ್ಕೆ ಒಂದು ಬುಟ್ಟಿ ಸಾಕು.

ಹಾಗೆಂದು ಮೇಲ್ವಿಚಾರಕರ ಆತಂಕವೆಲ್ಲ ಕಲ್ಪಿತವೆಂದಲ್ಲ. ಪಾಠ ನಡೆಯುತ್ತಿರುವಾಗ ಹಿಂದಿನ ಬೆಂಚಿನವರ ದೃಷ್ಟಿ ಮೆಲ್ಲನೆ ಮಡಿಲಿಗೆ ಜಾರುವುದನ್ನೂ, ಮಡಿಲಿನಿಂದ ಮುಖದ ಮೇಲೆ ನೀಲಿ ಬೆಳಕು ಬೀಳುವುದನ್ನೂ ಕಾಣದ ಅಧ್ಯಾಪಕರು ಇಲ್ಲ. ಒಂದು ಶಬ್ದದ ಅರ್ಥ ನೋಡಲು ಕೈಗೆತ್ತಿಕೊಂಡ ಮೊಬೈಲನ್ನು ಮುಕ್ಕಾಲು ಗಂಟೆಯಾದರೂ ಕೆಳಗಿಡಲಾರದೆ, ಯಾವ ಶಬ್ದ ನೋಡಹೊರಟಿದ್ದೆನೆಂಬುದನ್ನೇ ಮರೆತವರು ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲ, ಅಧ್ಯಾಪಕರ ಕೊಠಡಿಯಲ್ಲಿಯೂ ಇದ್ದಾರೆ. ದೀರ್ಘ ಪ್ರಬಂಧವನ್ನು ಆ ಕಿರುಪರದೆಯ ಮೇಲೆ ಓದುವುದು ಕಿಟಕಿಯ ಸಂದಿನಿಂದ ರಥೋತ್ಸವ ನೋಡಿದಂತೆ. ತರಗತಿಯ ಒಂದು ಗಂಟೆ ಮೊಬೈಲನ್ನು ಚೀಲದಲ್ಲಿಡಿರೆಂದರೆ ಅದು ನ್ಯಾಯವಾದ ಮಾತು. ಅಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಒಂದೇ ಕೆಲಸದಲ್ಲಿ ತೊಡಗಿರುತ್ತಾರೆ. ನಿಲಯದ ಕೋಣೆಯಲ್ಲಿ ಒಬ್ಬಳೇ ಕುಳಿತ ಹುಡುಗಿಯ ನಾಲ್ಕು ಗಂಟೆಗಳು ಬೇರೆ. ಅವು ಆಕೆಯವು.

ತೀರ್ಪು ಹೊರಬಿದ್ದ ಆರು ತಿಂಗಳಿಗೆ ಕಾಲವೇ ಈ ವ್ಯಾಜ್ಯದಲ್ಲಿ ಕೈಹಾಕಿತು. ಕೊರೋನಾ ಪಿಡುಗಿನಿಂದಾಗಿ 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲಿಕ್ಕಿತು. ಯಾವ ಮೊಬೈಲನ್ನು ಓದಿನ ಶತ್ರುವೆಂದು ಕಸಿದುಕೊಳ್ಳಲಾಗುತ್ತಿತ್ತೋ ಅದೇ ಮೊಬೈಲು ಈಗ ತರಗತಿಯ ಕೋಣೆಯಾಯಿತು, ಹಾಜರಿ ಪುಸ್ತಕವಾಯಿತು. “ಕೇಳಿಸುತ್ತಿದೆಯೇ? ಕೇಳಿಸುತ್ತಿದೆಯೇ?” ಎಂದು ಕೂಗಿ ಕೂಗಿ, ಉತ್ತರ ಬಾರದಿದ್ದರೂ ಟಿಪ್ಪಣಿಯನ್ನು ಓದಿ ಮುಗಿಸಿದ ಅಧ್ಯಾಪಕರೆಷ್ಟೋ. ನಲವತ್ತು ಪುಟಗಳ ನಕಲನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿ ಪಾಠ ಮುಗಿಯಿತೆಂದವರೂ ಇದ್ದರು. ಮೊಬೈಲಿನಿಂದ ಕಲಿಸುವುದು ಹೇಗೆಂದು ಅಧ್ಯಾಪಕರಿಗೆ ಯಾರೂ ಕಲಿಸಿರಲಿಲ್ಲ. ಅದನ್ನು ದೂರವಿಡುವ ಉಪಾಯಗಳನ್ನಷ್ಟೇ ಅವರು ಅರಿತಿದ್ದರು.

ಆ ಜೂನ್ ತಿಂಗಳಿನಲ್ಲಿ, ಕಲ್ಲಿಕೋಟೆಗೆ ಹೊಂದಿಕೊಂಡ ಮಲಪ್ಪುರಂ ಜಿಲ್ಲೆಯ ಇನ್ನೊಬ್ಬ ತರುಣಿಯ ಚಿತ್ರ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಆಕೆಯೂ ಬಿ.ಎ. ವಿದ್ಯಾರ್ಥಿನಿಯೇ, ಅಭ್ಯಾಸದ ವಿಷಯವೂ ಇಂಗ್ಲಿಷೇ. ಪಾಠಗಳು ಮೊಬೈಲಿನಲ್ಲಿ ಬರತೊಡಗಿದ್ದವು, ಆದರೆ ಮನೆಯೊಳಗೆ ಸಂಕೇತ ಸಿಗುತ್ತಿರಲಿಲ್ಲ. ಮನೆಯ ಒಳಹೊರಗೆಲ್ಲ ಹುಡುಕಿ, ಕಡೆಗೆ ಸಿಕ್ಕುವ ಜಾಗ ಒಂದೇ ಎಂದು ಕಂಡುಕೊಂಡಳು: ಹೆಂಚಿನ ಮಾಡಿನ ಮೇಲೆ. ಪುಸ್ತಕವನ್ನೂ ಮೊಬೈಲನ್ನೂ ಹಿಡಿದು ಆ ಇಳಿಜಾರಿನಲ್ಲಿ ಕುಳಿತು ಪಾಠ ಕೇಳಿದಳು. ಕೇರಳದಲ್ಲಿ ಜೂನ್ ಎಂದರೆ ಮಳೆಗಾಲ.

ಚಿತ್ರ ನಾಡಿನ ಗಮನ ಸೆಳೆದ ಮೇಲೆ ದೂರವಾಣಿ ಕಂಪನಿಯವರು ಬಂದು ಸಂಪರ್ಕವನ್ನು ಸರಿಪಡಿಸಿದರು. ಆಕೆ ಮಾಡಿನಿಂದ ಇಳಿದು, ತನ್ನ ಕೋಣೆಯಲ್ಲಿ ಕುಳಿತು ಓದಿದಳು.